ಏಳು ಪ್ರೋಮೊ ಕೋಡ್‌ಗಳಲ್ಲಿ ಐದು ಕೆಲಸ ಮಾಡಲಿಲ್ಲ: ತಪ್ಪು ನನ್ನದೋ, ಕೋಡಿನದೋ?

ಮಿಂಚುಹುಳು
ನಿನ್ನೆ ಸಂಜೆ ಒಂದೂವರೆ ಗಂಟೆ ಕುಳಿತು, ನಾನು ಆಡುವ ಆಟಕ್ಕೆ ಏಳು ಪ್ರೋಮೊ ಕೋಡ್‌ಗಳನ್ನು (ಹಾಕಿದರೆ ಆಟದಲ್ಲಿ ಬಿಟ್ಟಿ ಉಡುಗೊರೆ ಕೊಡುವ ಅಕ್ಷರ-ಅಂಕಿಗಳ ಸಾಲು) ಹುಡುಕಿದೆ. ಒಂದೊಂದನ್ನೂ ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಮೊಬೈಲಿನಲ್ಲಿ ಟೈಪ್ ಮಾಡಿದೆ. ಮೂರಕ್ಕೆ ‘ಅಮಾನ್ಯ ಕೋಡ್’ ಎಂದು ಬಂತು. ಒಂದಕ್ಕೆ ‘ಅವಧಿ ಮುಗಿದಿದೆ’. ಇನ್ನೊಂದಕ್ಕೆ ‘ಇದನ್ನು ನೀವು ಈಗಾಗಲೇ ಪಡೆದಿದ್ದೀರಿ’! ಆ ಕೋಡನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಉಳಿದ ಎರಡಕ್ಕೆ ‘ಯಶಸ್ವಿ’ ಎಂದು ಹಸಿರು ಗುರುತು ಬಂತು, ಆದರೆ ಅವುಗಳಲ್ಲಿ ಒಂದರ ರತ್ನಗಳು ನನ್ನ ಖಾತೆಯಲ್ಲಿ ಕಾಣಿಸುತ್ತಿಲ್ಲ.

ಇನ್ನೊಂದು ವಿಷಯ. ಗೆಳತಿಯ ಆಂಡ್ರಾಯ್ಡ್ ಮೊಬೈಲಿನಲ್ಲಿ ಸೆಟ್ಟಿಂಗ್ಸ್ ಒಳಗೇ ಕೋಡ್ ಹಾಕುವ ಜಾಗವಿದೆ. ನನ್ನ ಐಫೋನಿನಲ್ಲಿ ಅದೇ ಆಟ, ಅದೇ ಅಪ್‌ಡೇಟ್, ಆ ಜಾಗವೇ ಇಲ್ಲ. ವೆಬ್‌ಸೈಟಿಗೆ ಹೋಗಿಯೇ ಹಾಕಬೇಕಾಯಿತು. ಇದೇಕೆ ಹೀಗೆ? ತಿಳಿದವರು ಹೇಳಿ.

ಕಡಲಹಕ್ಕಿ
ಯಾವ ಸರ್ವರ್?

ಮಿಂಚುಹುಳು
ಏಷ್ಯಾ. ಅದಕ್ಕೂ ಕೋಡಿಗೂ ಏನು ಸಂಬಂಧ?

ಕಡಲಹಕ್ಕಿ
ಬಹಳ ಸಂಬಂಧವಿದೆ. ಎಷ್ಟೋ ಆಟಗಳಲ್ಲಿ ಕೋಡ್‌ಗಳನ್ನು ಒಂದು ಪ್ರದೇಶದ ಸರ್ವರಿಗೆಂದೇ ಬಿಡುತ್ತಾರೆ. ಬೇರೆ ಸರ್ವರಿನ ಆಟಗಾರ ಹಾಕಿದರೆ ಕೆಲವು ಆಟಗಳು ‘ನಿಮ್ಮ ಪ್ರದೇಶಕ್ಕೆ ಅನ್ವಯಿಸುವುದಿಲ್ಲ’ ಎಂದು ನೇರವಾಗಿ ಹೇಳುತ್ತವೆ, ಕೆಲವು ‘ಅಮಾನ್ಯ’ ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತವೆ. ನಿಮ್ಮ ಮೂರರಲ್ಲಿ ಒಂದಾದರೂ ಈ ಜಾತಿಯದಾಗಿರಬೇಕು. ಫ್ರೀ ಫೈರ್ ಆಡುವವರಿಗೆ ಇದು ಚೆನ್ನಾಗಿ ಗೊತ್ತು.

ಹಳೆಯ ದೋಣಿ
ಕಾಗದದ ಮೇಲೆ ಬರೆದುಕೊಂಡೆ ಎಂದಿರಲ್ಲ, ನನಗೆ ಅನುಮಾನ ಅಲ್ಲಿಯೇ. ಕೈಬರಹದಲ್ಲಿ ಇಂಗ್ಲಿಷಿನ ಓ ಅಕ್ಷರ ಮತ್ತು ಸೊನ್ನೆ ಒಂದೇ ತರಹ ಕಾಣುತ್ತವೆ. ದೊಡ್ಡ ಐ, ಸಣ್ಣ ಎಲ್, ಒಂದು, ಇವು ಮೂರೂ ಬರಿಯ ಗೆರೆಗಳು. ಒಂದು ಅಕ್ಷರ ತಪ್ಪಿದರೂ ಸರ್ವರ್ ದೃಷ್ಟಿಯಲ್ಲಿ ಅದು ಹುಟ್ಟಿಯೇ ಇಲ್ಲದ ಕೋಡ್. ದಯವಿಟ್ಟು ನಕಲಿಸಿ ಅಂಟಿಸಿ, ಬರೆಯಬೇಡಿ.

ತುಂಬೆಹೂ
ನಕಲಿಸಿ ಅಂಟಿಸಿದರೂ ತೊಂದರೆ ಇದೆ! ಕೋಡಿನ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡು ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನಾನು ಒಂದು ಕೋಡನ್ನು ಆರು ಸಲ ಹಾಕಿ, ಆರು ಸಲವೂ ‘ಅಮಾನ್ಯ’ ನೋಡಿ ಅಳುವಷ್ಟಾಗಿದ್ದೆ. ಆಮೇಲೆ ಕರ್ಸರನ್ನು ಕೊನೆಗೆ ಒಯ್ದು ಒಂದು ಸಲ ಅಳಿಸುವ ಗುಂಡಿ ಒತ್ತಿದೆ. ಅಕ್ಷರ ಒಂದೂ ಹೋಗಲಿಲ್ಲ, ಕರ್ಸರ್ ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯಿತು. ಈಗ ಒತ್ತಿದರೆ ರತ್ನಗಳು ಬಂದವು.

ಜೊತೆಗೆ ಕೀಬೋರ್ಡಿನ ಸ್ವಯಂ ತಿದ್ದುಪಡಿಯನ್ನು ಆರಿಸಿಟ್ಟುಕೊಳ್ಳಿ. ಕೋಡಿನೊಳಗೆ ಯಾವುದಾದರೂ ಪದದಂಥದ್ದು ಕಂಡರೆ ಅದು ತಾನೇ ಬುದ್ಧಿವಂತನೆಂದು ತಿದ್ದಿಬಿಡುತ್ತದೆ.

ನೀಲಿಶಾಯಿ
ಓ ಮತ್ತು ಸೊನ್ನೆಯ ಗೊಂದಲಕ್ಕೆ ಪರಿಹಾರ ಎಂದೋ ಸಿದ್ಧವಾಗಿದೆ. ಡಗ್ಲಸ್ ಕ್ರಾಕ್‌ಫರ್ಡ್ ರೂಪಿಸಿದ ಬೇಸ್-32 ಎಂಬ ಬರಹದ ಕ್ರಮದಲ್ಲಿ ಐ, ಎಲ್, ಓ, ಯು ಎಂಬ ನಾಲ್ಕು ಅಕ್ಷರಗಳನ್ನು ಕೈಬಿಟ್ಟಿದ್ದಾರೆ. 10 ಅಂಕಿ, 22 ಅಕ್ಷರ, ಒಟ್ಟು 32. ಯಾರಾದರೂ ಓ ಎಂದು ಟೈಪ್ ಮಾಡಿದರೆ ಅದನ್ನು ಸೊನ್ನೆ ಎಂದೇ ಓದಿಕೊಳ್ಳಬೇಕು, ಐ ಮತ್ತು ಎಲ್ ಬಂದರೆ ಒಂದು ಎಂದು. ಇಷ್ಟು ಸರಳವಾದುದನ್ನು ಆಟ ಮಾಡುವವರು ಏಕೆ ಅಳವಡಿಸಿಕೊಳ್ಳುವುದಿಲ್ಲ ಎಂಬುದು ನನ್ನ ಬಹುದಿನದ ಕೋಪ.

ಮರಕುಟಿಗ
ಯು ಏಕೆ ಬಿಟ್ಟರು? ಅದು ಯಾವುದರ ತರಹವೂ ಕಾಣುವುದಿಲ್ಲವಲ್ಲ.

ನೀಲಿಶಾಯಿ
ಆಕಸ್ಮಿಕವಾಗಿ ಬೈಗುಳದ ಪದಗಳು ಹುಟ್ಟಬಾರದೆಂದು. ಅಕ್ಷರಗಳನ್ನು ಯಂತ್ರ ಜೋಡಿಸುವಾಗ ಏನು ಬೇಕಾದರೂ ಆಗಬಹುದು.

ಏಳನೇ ಮೆಟ್ಟಿಲು
ಐಫೋನಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅದು ಆಟದ ಕಂಪನಿಯ ಸೋಮಾರಿತನ, ಬೇರೇನೂ ಅಲ್ಲ. ಆಂಡ್ರಾಯ್ಡಿಗೆ ಮಾಡಿದವರಿಗೆ ಐಫೋನಿಗೆ ಮಾಡಲು ಏನು ಕಷ್ಟ?

ಸಣ್ಣ ಆಟಗಳ ಕಮ್ಮಾರ
ಸೋಮಾರಿತನವಲ್ಲ. ನಾನು ಮೊಬೈಲ್ ಆಟಗಳನ್ನು ಮಾಡಿ ಬದುಕುವವನು, ಈ ಗೋಡೆಗೆ ನಾನೇ ತಲೆ ಬಡಿದುಕೊಂಡಿದ್ದೇನೆ. ಆಪಲ್‌ನ ಆಪ್ ಸ್ಟೋರ್ ಪರಿಶೀಲನಾ ನಿಯಮಗಳಲ್ಲಿ 3.1.1 ಎಂಬ ವಿಧಿ ಇದೆ. ಆಪ್ ಒಳಗಿನ ಯಾವುದನ್ನಾದರೂ ತೆರೆದುಕೊಡಲು ಲೈಸೆನ್ಸ್ ಕೀ, ಕ್ಯೂಆರ್ ಕೋಡ್ ಮುಂತಾದ ಸ್ವಂತ ದಾರಿಗಳನ್ನು ಬಳಸಬಾರದು, ಆಪಲ್‌ನ ಖರೀದಿ ವ್ಯವಸ್ಥೆಯ ಮೂಲಕವೇ ಹೋಗಬೇಕು ಎಂಬುದು ಅದರ ತಿರುಳು. ಆಟದೊಳಗೆ ಕೋಡ್ ಹಾಕುವ ಪೆಟ್ಟಿಗೆ ಇಟ್ಟರೆ ಪರಿಶೀಲಕರು ಇದೇ ವಿಧಿ ತೋರಿಸಿ ಹಿಂದಕ್ಕೆ ಕಳುಹಿಸಬಹುದು. ಆದ್ದರಿಂದ ಬಹಳ ಕಂಪನಿಗಳು ಪೆಟ್ಟಿಗೆಯನ್ನು ಆಟದಿಂದ ತೆಗೆದು ವೆಬ್‌ಸೈಟಿನಲ್ಲಿ ಇಡುತ್ತವೆ. ಪೊಕೆಮಾನ್ ಗೋ ಆಟವನ್ನೇ ನೋಡಿ. ಆಂಡ್ರಾಯ್ಡಿನಲ್ಲಿ ಅಂಗಡಿಯ ಪುಟದ ಕೆಳಗೇ ಕೋಡ್ ಹಾಕುವ ಜಾಗ ಕೊಟ್ಟರು, ಐಫೋನಿನವರನ್ನು ವೆಬ್‌ಸೈಟಿಗೆ ಕಳುಹಿಸಿದರು.

ಏಳನೇ ಮೆಟ್ಟಿಲು
ಆದರೆ ಐಫೋನಿನಲ್ಲಿ ಕೋಡ್ ಪೆಟ್ಟಿಗೆ ಇರುವ ಆಟವನ್ನು ನಾನೇ ಆಡಿದ್ದೇನೆ. ಅದು ಹೇಗೆ ಒಳಗೆ ಬಂತು?

ಸಣ್ಣ ಆಟಗಳ ಕಮ್ಮಾರ
ಬಂದಿರಬಹುದು. ಪರಿಶೀಲಿಸುವವರೂ ಮನುಷ್ಯರು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ. ಪ್ರತಿ ಅಪ್‌ಡೇಟಿಗೂ ಆ ಭಯವನ್ನು ಹೊತ್ತುಕೊಳ್ಳಲು ನನ್ನಂಥ ಸಣ್ಣವನಿಗೆ ಆಗುವುದಿಲ್ಲ.

ಏಳನೇ ಮೆಟ್ಟಿಲು
ಸರಿ, ಸೋಮಾರಿತನ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೆ ಆಟದೊಳಗೆ ಒಂದು ಸಾಲು ಬರೆಯಬಹುದಲ್ಲ, ‘ಕೋಡ್‌ಗಳನ್ನು ನಮ್ಮ ವೆಬ್‌ಸೈಟಿನಲ್ಲಿ ಹಾಕಿ’ ಎಂದು? ಅದನ್ನೂ ಬರೆಯದೆ ಆಟಗಾರರನ್ನು ಕತ್ತಲಲ್ಲಿ ಬಿಟ್ಟರೆ ಅವರು ಗೂಗಲ್‌ನಲ್ಲಿ ಹುಡುಕಿ ಯಾವುದೋ ನಕಲಿ ಪುಟಕ್ಕೆ ಹೋಗಿ ಬೀಳುತ್ತಾರೆ.

ತುಂಬೆಹೂ
ಮೇಲಿನ ಮಾತು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿಯೇ ಆಯಿತು.

ನನ್ನ ತಮ್ಮ ನಾಲ್ಕು ವರ್ಷ ಆಡಿ ಬೆಳೆಸಿದ್ದ ಖಾತೆ. ‘ಕೋಡ್ ರಿಡೀಮ್’ ಎಂದು ಹುಡುಕಿದಾಗ ಬಂದ ಒಂದು ಲಿಂಕ್ ಒತ್ತಿದ. ಪುಟ ನೋಡಲು ಅಸಲಿಯಂತೆಯೇ ಇತ್ತು, ಅದೇ ಬಣ್ಣ, ಅದೇ ಲಾಂಛನ. ಮೇಲೆ ಕೆಂಪು ಅಕ್ಷರದಲ್ಲಿ ‘ಉಳಿದಿರುವುದು 3 ಕೋಡ್‌ಗಳು ಮಾತ್ರ’ ಎಂದು, ಪಕ್ಕದಲ್ಲಿ ಐದು ನಿಮಿಷದ ಇಳಿಗಡಿಯಾರ. ಅವನು ಗಾಬರಿಯಲ್ಲಿ ಇಮೇಲ್, ಪಾಸ್‌ವರ್ಡ್ ಹಾಕಿದ. ಆಮೇಲೆ ಮೊಬೈಲಿಗೆ ಬಂದ ಒಟಿಪಿಯನ್ನೂ ಹಾಕಿದ. ಹತ್ತು ನಿಮಿಷದಲ್ಲಿ ಖಾತೆಯ ಇಮೇಲ್ ಬದಲಾಗಿತ್ತು.

ರಾತ್ರಿ ನಾನು ಅದೇ ಪುಟವನ್ನು ತೆರೆದು ನೋಡಿದೆ. ವಿಳಾಸದಲ್ಲಿ ಒಂದೇ ಒಂದು ಅಡ್ಡಗೆರೆ ಹೆಚ್ಚಿಗೆ ಇತ್ತು. ಪುಟವನ್ನು ಮರುಲೋಡ್ ಮಾಡಿದರೆ ಗಡಿಯಾರ ಮತ್ತೆ 4:59ರಿಂದ ಇಳಿಯತೊಡಗಿತು. ಉಳಿದ ಕೋಡ್‌ಗಳು ಮತ್ತೆ ಮೂರೇ. ಎಷ್ಟು ಸಲ ಮಾಡಿದರೂ ಮೂರೇ. ಅವನು ಎರಡು ದಿನ ಸರಿಯಾಗಿ ಮಾತನಾಡಲಿಲ್ಲ.

ಮರಕುಟಿಗ
ಓದಿ ಹೊಟ್ಟೆ ಉರಿಯಿತು. ಖಾತೆ ವಾಪಸ್ ಬಂತೇ?

ತುಂಬೆಹೂ
ಬಂತು, ಮೂರು ವಾರದ ನಂತರ. ಮೊದಲ ಸಲ ಹಣ ಕೊಟ್ಟು ಕೊಂಡಾಗಿನ ರಸೀದಿ ಇಮೇಲಿನಲ್ಲಿ ಉಳಿದಿತ್ತು, ಅದರಿಂದ ಬಚಾವಾದ. ರಸೀದಿಗಳನ್ನು ಅಳಿಸಬೇಡಿ.

ಕಡಲಹಕ್ಕಿ
ಆದ್ದರಿಂದಲೇ ನಾನು ಹೇಳುವುದು: ಕೋಡ್ ಹಾಕಲು ಲಾಗಿನ್ ಕೇಳುವ ಪುಟ ಕಂಡರೆ ಹಿಂದೆ ನೋಡದೆ ಓಡಿ.

ನೀಲಿಶಾಯಿ
ಹಾಗೆ ಹೇಳಿದರೆ ತಪ್ಪಾಗುತ್ತದೆ. ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಅಧಿಕೃತ ಪುಟವೂ ಲಾಗಿನ್ ಕೇಳುತ್ತದೆ, ಆಮೇಲೆ ಸರ್ವರ್ ಆರಿಸಿ ಕೋಡ್ ಹಾಕಬೇಕು. ಫ್ರೀ ಫೈರ್‌ನ ಅಧಿಕೃತ ಪುಟವೂ ಖಾತೆಯ ಮೂಲಕ ಒಳಗೆ ಬರಲು ಹೇಳುತ್ತದೆ. ಗೆಸ್ಟ್ ಖಾತೆಯಲ್ಲಿ (ನೋಂದಾಯಿಸದೆ) ಆಡುವವರಿಗೆ ಅಲ್ಲಿ ಕೋಡ್ ಹಾಕಲು ಆಗುವುದೇ ಇಲ್ಲ, ಮೊದಲು ಗೂಗಲ್ ಅಥವಾ ಫೇಸ್‌ಬುಕ್‌ನಂಥ ಖಾತೆಗೆ ಜೋಡಿಸಬೇಕು. ಇನ್ನು ಕೆಲವು ಆಟಗಳ ಪುಟ ಆಟಗಾರನ ಐಡಿ ಸಂಖ್ಯೆಯನ್ನಷ್ಟೇ ಕೇಳುತ್ತದೆ. ಅಂದರೆ ಲಾಗಿನ್ ಕೇಳಿತೋ ಇಲ್ಲವೋ ಎಂಬುದು ಒರೆಗಲ್ಲಲ್ಲ. ನೀವು ಆ ಪುಟಕ್ಕೆ ಹೇಗೆ ಬಂದಿರಿ ಎಂಬುದು ಮುಖ್ಯ. ಆಟದೊಳಗಿನ ಪ್ರಕಟಣೆಯಿಂದ ಹೋಗಿ, ಅಥವಾ ಒಮ್ಮೆ ಖಚಿತಪಡಿಸಿಕೊಂಡು ಬುಕ್‌ಮಾರ್ಕ್ ಮಾಡಿ ಯಾವಾಗಲೂ ಅದರಿಂದಲೇ ಹೋಗಿ. ಹುಡುಕಾಟದ ಫಲಿತಾಂಶದಿಂದ, ವಿಡಿಯೊದ ಕೆಳಗಿನ ಕಮೆಂಟಿನಿಂದ ಎಂದೂ ಹೋಗಬೇಡಿ.

ಕಡಲಹಕ್ಕಿ
ಒಪ್ಪಿದೆ. ತಿದ್ದಿದ್ದಕ್ಕೆ ಧನ್ಯವಾದ.

ಗಡಿಯಾರ
‘ಕೋಡ್ ಜನರೇಟರ್’ ಬಳಸಿದವರು ಇಲ್ಲಿ ಯಾರಾದರೂ ಇದ್ದೀರಾ? ಹೆಸರು ಹಾಕಿದರೆ ಕೋಡ್ ತಯಾರಿಸಿ ಕೊಡುತ್ತದಂತೆ.

ಸಣ್ಣ ಆಟಗಳ ಕಮ್ಮಾರ
ಅದು ಸುಳ್ಳು, ಸಂಪೂರ್ಣ ಸುಳ್ಳು. ಲೆಕ್ಕ ನೋಡಿ. ಒಂದು ಕೋಡಿನಲ್ಲಿ 12 ಸ್ಥಾನಗಳು, ಪ್ರತಿ ಸ್ಥಾನದಲ್ಲಿ 26 ಅಕ್ಷರ ಮತ್ತು 10 ಅಂಕಿಗಳಲ್ಲಿ ಯಾವುದಾದರೂ ಒಂದು ಎಂದಿಟ್ಟುಕೊಳ್ಳಿ. 36ನ್ನು 12 ಸಲ ಗುಣಿಸಿದರೆ ಸುಮಾರು 47ರ ಮುಂದೆ 17 ಸೊನ್ನೆಗಳಷ್ಟು ದೊಡ್ಡ ಸಂಖ್ಯೆ. ಸೆಕೆಂಡಿಗೆ ಹತ್ತು ಲಕ್ಷ ಕೋಡ್‌ಗಳನ್ನು ಪರೀಕ್ಷಿಸಿದರೂ ಎಲ್ಲವನ್ನೂ ಮುಗಿಸಲು ಒಂದೂವರೆ ಲಕ್ಷ ವರ್ಷ ಬೇಕು. ಅದರ ಮೇಲೆ, ನಾಲ್ಕೈದು ತಪ್ಪು ಕೋಡ್ ಹಾಕಿದ ಕೂಡಲೇ ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುವಂತೆ ನಾವು ಸರ್ವರನ್ನು ಕಟ್ಟುತ್ತೇವೆ.

ಯಾವ ಕೋಡ್ ಸರಿ ಎಂಬ ಪಟ್ಟಿ ಇರುವುದು ಕಂಪನಿಯ ಸರ್ವರಿನಲ್ಲಿ ಮಾತ್ರ. ಜನರೇಟರ್ ಪುಟ ಮಾಡುವುದು ಒಂದೇ ಕೆಲಸ: ನೀಲಿ ಪಟ್ಟಿ ಓಡುವಂತೆ ತೋರಿಸುವುದು, ಕೊನೆಗೆ ‘ನೀವು ಮನುಷ್ಯರೆಂದು ದೃಢಪಡಿಸಿ’ ಎಂದು ಸಮೀಕ್ಷೆ ತುಂಬಿಸುವುದು, ಬೇರೆ ಆಪ್ ಇಳಿಸಿಕೊಳ್ಳುವಂತೆ ಮಾಡುವುದು. ನೀವು ತುಂಬಿದ ಪ್ರತಿಯೊಂದಕ್ಕೂ ಅವರಿಗೆ ಕಮಿಷನ್ ಸಿಗುತ್ತದೆ. ನಿಮಗೆ ಸಿಗುವುದು ಇನ್ನೊಂದು ಸಮೀಕ್ಷೆ.

ಗಡಿಯಾರ
ಹೌದು, ನನಗೂ ಮೂರನೇ ಸಮೀಕ್ಷೆಯಲ್ಲಿ ಹಾಗೆಯೇ ಅನ್ನಿಸಿತು. ಆ ಆಪ್‌ಗಳನ್ನು ಈಗಲೇ ಅಳಿಸುತ್ತೇನೆ.

ಮರಕುಟಿಗ
ಹಾಗಾದರೆ ಕೋಡ್‌ಗಳನ್ನು ಎಲ್ಲಿ ಹುಡುಕಬೇಕು? ಅದನ್ನು ಹೇಳಿ.

ಹಳೆಯ ದೋಣಿ
ಆಟದ ಅಧಿಕೃತ ಡಿಸ್ಕಾರ್ಡ್, ಯೂಟ್ಯೂಬ್ ವಾಹಿನಿ, ಎಕ್ಸ್ ಖಾತೆ. ಹೊಸ ಆವೃತ್ತಿಗೆ ಮುಂಚಿನ ನೇರಪ್ರಸಾರ ಎಲ್ಲಕ್ಕಿಂತ ಒಳ್ಳೆಯ ಜಾಗ. ಗೆನ್‌ಶಿನ್‌ನಲ್ಲಿ ಪ್ರತಿ ಆವೃತ್ತಿಯ ನೇರಪ್ರಸಾರದಲ್ಲಿ ಮೂರು ಕೋಡ್‌ಗಳನ್ನು ತೋರಿಸುತ್ತಾರೆ, ಒಂದಕ್ಕೆ 100 ಪ್ರೈಮೊಜೆಮ್ (ಆ ಆಟದ ರತ್ನ), ಒಟ್ಟು 300. ಅವು ಹೆಚ್ಚು ಕಾಲ ಬದುಕುವ ಕೋಡ್‌ಗಳಲ್ಲ. ‘ನಾಳೆ ಹಾಕಿದರಾಯಿತು’ ಎಂದರೆ ಕೈಗೆ ಬಂದದ್ದು ಬಾಯಿಗೆ ಬರುವುದಿಲ್ಲ. ಹೊಸದಾಗಿ ಸೇರಿದವರು ಮೊದಲು ಸಾಹಸದ ದರ್ಜೆ 10ಕ್ಕೆ ಏರಬೇಕು, ಅದಕ್ಕೂ ಮುಂಚೆ ಕೋಡ್ ಹಾಕಲು ಬಿಡುವುದಿಲ್ಲ.

ಏಳನೇ ಮೆಟ್ಟಿಲು
ಒಂದು ಹಾರೈಕೆಗೆ, ಅಂದರೆ ಹೊಸ ಪಾತ್ರಕ್ಕಾಗಿ ಒಮ್ಮೆ ಅದೃಷ್ಟ ಪರೀಕ್ಷಿಸಲು, 160 ಬೇಕು. 300 ಸಿಕ್ಕರೆ ಎರಡು ಹಾರೈಕೆಯೂ ಆಗುವುದಿಲ್ಲ! ಇದಕ್ಕಾಗಿ ಒಂದು ಗಂಟೆ ನೇರಪ್ರಸಾರ ನೋಡಬೇಕೇ? ನೀರಿನಲ್ಲಿ ಹೋಮ ಮಾಡಿದಂತೆ.

ಹಳೆಯ ದೋಣಿ
ಒಂದು ಸಲಕ್ಕೆ ಲೆಕ್ಕ ಹಾಕಬೇಡಿ. ಒಂದು ಆವೃತ್ತಿ ಸಾಮಾನ್ಯವಾಗಿ 42 ದಿನ. ವರ್ಷಕ್ಕೆ ಎಂಟೊಂಬತ್ತು ಆವೃತ್ತಿಗಳು, ಅಂದರೆ ಸುಮಾರು 2,600 ಪ್ರೈಮೊಜೆಮ್, 16 ಹಾರೈಕೆ. ಐದು ನಕ್ಷತ್ರದ ಪಾತ್ರ 90 ಹಾರೈಕೆಯೊಳಗೆ ಖಚಿತವಾಗಿ ಬರುವಾಗ, ಅದರಲ್ಲಿ 16 ಬಿಟ್ಟಿಯಾಗಿ ಬಂದಂತೆ. ಒಂದು ರೂಪಾಯಿಯನ್ನೂ ಹಾಕದೆ ಆಡುವ ನನ್ನಂಥವನಿಗೆ ಅದು ಸಣ್ಣದಲ್ಲ. ಹನಿಗೂಡಿದರೆ ಹಳ್ಳ.

ಗಡಿಯಾರ
ಒಂದು ಗಂಟೆ ನೋಡಬೇಕಾಗಿಲ್ಲ, ಮುಗಿದ ಮೇಲೆ ಯಾರಾದರೂ ಬರೆದು ಹಾಕುತ್ತಾರೆ. ಆದರೆ ಮುಗಿಯುವ ಸಮಯವನ್ನು ಸರಿಯಾಗಿ ಓದಿ. ‘ರಾತ್ರಿ 23:59’ ಎಂದಿದ್ದರೆ ಅದು ನಿಮ್ಮ ಗೋಡೆಯ ಗಡಿಯಾರದ ಸಮಯವಲ್ಲ, ಪಕ್ಕದಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಎಂದೋ ಸರ್ವರ್ ಸಮಯ ಎಂದೋ ಇರುತ್ತದೆ. ನೀವಿರುವ ಕಡೆಗೆ ಪರಿವರ್ತಿಸಿಕೊಳ್ಳದಿದ್ದರೆ ಹಲವು ಗಂಟೆಗಳ ವ್ಯತ್ಯಾಸವಾಗುತ್ತದೆ.

ಏಳನೇ ಮೆಟ್ಟಿಲು
ಕೋಡ್‌ಗಳಿಗೆ ಅವಧಿ ಇಡುವುದೇ ಅನ್ಯಾಯ ಎನ್ನುವುದು ನನ್ನ ವಾದ. ಪರೀಕ್ಷೆ ಇರುವವರು, ರಾತ್ರಿ ಪಾಳಿ ಮಾಡುವವರು, ಆಸ್ಪತ್ರೆಯಲ್ಲಿ ಮಲಗಿರುವವರು ಏನು ಮಾಡಬೇಕು? ಆಟ ಎಲ್ಲರದ್ದು ಎಂದಮೇಲೆ ಉಡುಗೊರೆಯೂ ಎಲ್ಲರದ್ದಾಗಬೇಕು.

ಸಣ್ಣ ಆಟಗಳ ಕಮ್ಮಾರ
ನಮ್ಮ ಕಡೆಯ ಮಾತನ್ನೂ ಕೇಳಿ. ಯಾವ ವಿಡಿಯೊ ಎಷ್ಟು ಆಟಗಾರರನ್ನು ಕರೆತಂದಿತು ಎಂದು ತಿಳಿಯಲು ಬೇರೆ ಬೇರೆಯವರಿಗೆ ಬೇರೆ ಬೇರೆ ಕೋಡ್ ಕೊಡುತ್ತೇವೆ. ಅವಧಿ ಇಡದಿದ್ದರೆ ಎರಡು ವರ್ಷದ ಹಿಂದಿನ ಕೋಡ್‌ಗಳು ಒಟ್ಟುಗೂಡಿ, ಹೊಸಬನೊಬ್ಬ ಮೊದಲ ದಿನವೇ ಐವತ್ತು ಕೋಡ್ ಹಾಕಿ ಆಟದ ಅರ್ಧ ದಾರಿಯನ್ನು ಹಾರಿಬಿಡುತ್ತಾನೆ. ಆಮೇಲೆ ಅವನಿಗೇ ಬೇಸರ. ಸಂಖ್ಯೆಯ ಮಿತಿಯೂ ಇರುತ್ತದೆ. ಗೂಗಲ್ ಪ್ಲೇ ತನ್ನ ಪ್ರೋಮೊ ಕೋಡ್‌ಗಳನ್ನು ಒಂದು ಆಪ್‌ಗೆ ಮೂರು ತಿಂಗಳಿಗೆ 500ರಂತೆ ಮಾತ್ರ ಮಾಡಲು ಬಿಡುತ್ತದೆ. ಅವು ಆಟದೊಳಗೆ ಹಾಕುವ ಕೋಡ್‌ಗಳಿಗಿಂತ ಬೇರೆ, ಪ್ಲೇ ಸ್ಟೋರಿನ ರಿಡೀಮ್ ಪುಟದಲ್ಲೂ ಹಾಕಬಹುದು. ಈ ಎರಡನ್ನೂ ಕಲಸಿಕೊಂಡು ತಪ್ಪು ಜಾಗದಲ್ಲಿ ಹಾಕಿ ಪರದಾಡುವವರು ಬಹಳ.

ಏಳನೇ ಮೆಟ್ಟಿಲು
ಅವಧಿ ಇಡಿ, ಬೇಡವೆನ್ನುವುದಿಲ್ಲ. ಒಂದು ವಾರವಾದರೂ ಇಡಿ. ಒಂದು ದಿನ ಎಂಬುದು ಉಡುಗೊರೆಯಲ್ಲ, ಹಾಜರಿ ಕರೆಯುವುದು.

ಸಣ್ಣ ಆಟಗಳ ಕಮ್ಮಾರ
ಒಂದು ವಾರ ನ್ಯಾಯವೇ. ನನ್ನ ಆಟಗಳಲ್ಲಿ ಒಂದು ತಿಂಗಳು ಇಡುತ್ತೇನೆ.

ಹಳೆಯ ದೋಣಿ
ಕೋಡ್ ಎಂದರೆ ನನಗೆ ನೆನಪಾಗುವುದು ಬೇರೆಯೇ ಕಾಲ. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಕೊನಾಮಿ ಕೋಡ್. 1986ರಲ್ಲಿ ಗ್ರೇಡಿಯಸ್ ಆಟವನ್ನು ಮನೆಯ ಕನ್ಸೋಲಿಗೆ ಇಳಿಸುತ್ತಿದ್ದ ಕಜುಹಿಸಾ ಹಶಿಮೊಟೊ, ತನಗೇ ಆ ಆಟ ಕಷ್ಟವಾಗಿ, ಪರೀಕ್ಷೆ ಮಾಡುವಾಗ ಎಲ್ಲ ಶಕ್ತಿಗಳೂ ಒಂದೇ ಸಲ ಸಿಗಲೆಂದು ಇಟ್ಟುಕೊಂಡದ್ದು. ಅದು ಆಟದೊಳಗೇ ಉಳಿದುಹೋಯಿತು. ಅವಧಿಯಿಲ್ಲ, ಸರ್ವರಿಲ್ಲ, ಲಾಗಿನ್ ಇಲ್ಲ. 2020ರಲ್ಲಿ ಅವರು ತೀರಿಕೊಂಡ ಸುದ್ದಿ ಓದಿದ ದಿನ ನನ್ನ ಬೆರಳುಗಳು ತಾವಾಗಿಯೇ ಆ ಹತ್ತು ಗುಂಡಿಗಳನ್ನು ಮೇಜಿನ ಮೇಲೆ ಒತ್ತಿದವು.

ಮರಕುಟಿಗ
ಆ ಕೋಡನ್ನು ನನಗೆ ಕಲಿಸಿದ್ದು ಅಣ್ಣ. ಕಾಗದದಲ್ಲಿ ಬರೆದುಕೊಡಲಿಲ್ಲ, ಬಾಯಿಪಾಠ ಮಾಡಿಸಿದ.

ನಿರ್ವಾಹಕ
ಚರ್ಚೆ ಚೆನ್ನಾಗಿದೆ, ಆದರೆ ಮೂಲ ಪ್ರಶ್ನೆಯಲ್ಲಿ ಒಂದು ಉಳಿದಿದೆ: ಬಳಸದ ಕೋಡ್ ‘ಈಗಾಗಲೇ ಪಡೆದಿದ್ದೀರಿ’ ಎಂದದ್ದೇಕೆ? ಇನ್ನು, ಇಲ್ಲಿ ಕೋಡ್ ಹಾಕುವವರು ದಿನಾಂಕ, ಸರ್ವರ್, ಎಲ್ಲಿಂದ ಸಿಕ್ಕಿತು ಎಂಬ ಮೂರನ್ನೂ ಬರೆಯಿರಿ. ಬರೆಯದ ಕೋಡ್‌ಗಳನ್ನು ತೆಗೆಯುತ್ತೇನೆ.

ಕಡಲಹಕ್ಕಿ
ಯಾರಾದರೂ ಒಬ್ಬರಿಗೆ ಮಾತ್ರ ನಡೆಯುವ ಕೋಡ್ ಆಗಿರಬೇಕು. ವಿಡಿಯೊದಲ್ಲಿ ತೋರಿಸಿದ ಕೂಡಲೇ ಯಾರೋ ಹೊಡೆದುಕೊಂಡಿದ್ದಾರೆ.

ಸಣ್ಣ ಆಟಗಳ ಕಮ್ಮಾರ
ಹಾಗಿದ್ದರೆ ‘ಕೋಡ್ ಬಳಕೆಯಾಗಿದೆ’ ಎಂದು ಬರುತ್ತಿತ್ತು, ‘ನೀವು’ ಎಂದು ಬರುತ್ತಿರಲಿಲ್ಲ. ನನ್ನ ಊಹೆ ಬೇರೆ. ಕೋಡ್‌ಗಳನ್ನು ಕಂತೆಗಳಾಗಿ ತಯಾರಿಸುತ್ತೇವೆ. ಒಂದು ಕಂತೆಯಲ್ಲಿ ಸಾವಿರ ಬೇರೆ ಬೇರೆ ಕೋಡ್‌ಗಳಿದ್ದರೂ ಒಂದು ಖಾತೆಗೆ ಆ ಕಂತೆಯಿಂದ ಒಂದೇ ಎಂದು ನಿಯಮ ಇಡಬಹುದು. ಮಿಂಚುಹುಳು, ಕೆಲಸ ಮಾಡಿದ ಎರಡರಲ್ಲಿ ಒಂದು ಮತ್ತು ಈ ತಕರಾರಿನದು ಒಂದೇ ಅಕ್ಷರಗಳಿಂದ ಶುರುವಾಗುತ್ತವೆಯೇ?

ಮಿಂಚುಹುಳು
ಈಗ ಕಾಗದ ತೆಗೆದು ನೋಡಿದೆ. ಹೌದು! ಮೊದಲ ನಾಲ್ಕು ಅಕ್ಷರ ಒಂದೇ. ಎರಡಕ್ಕೂ ಒಂದೇ ಉಡುಗೊರೆ ಎಂದು ವಿಡಿಯೊದಲ್ಲೂ ಹೇಳಿದ್ದರು, ನಾನು ಗಮನಿಸಿರಲಿಲ್ಲ.

ಸಣ್ಣ ಆಟಗಳ ಕಮ್ಮಾರ
ಹಾಗಾದರೆ ಅದೇ. ಸಂದೇಶವನ್ನು ಇನ್ನಷ್ಟು ಬಿಡಿಸಿ ಬರೆಯಬೇಕಿತ್ತು, ಅದು ಆಟ ಮಾಡಿದವರ ತಪ್ಪು.

ತುಂಬೆಹೂ
ಕಾಣೆಯಾದ ರತ್ನಗಳಿಗೆ ಆಟದೊಳಗಿನ ಅಂಚೆಪೆಟ್ಟಿಗೆ ನೋಡಿ. ಬಹಳ ಆಟಗಳಲ್ಲಿ ಉಡುಗೊರೆ ನೇರವಾಗಿ ಖಾತೆಗೆ ಸೇರುವುದಿಲ್ಲ, ಪತ್ರವಾಗಿ ಬರುತ್ತದೆ. ತೆರೆದು ‘ಸ್ವೀಕರಿಸಿ’ ಒತ್ತಬೇಕು. ಪತ್ರಕ್ಕೂ ಅವಧಿ ಇರುತ್ತದೆ!

ಮಿಂಚುಹುಳು
ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ಅಂಚೆಪೆಟ್ಟಿಗೆಯಲ್ಲಿ ತೆರೆಯದ 41 ಪತ್ರಗಳಿದ್ದವು, ರತ್ನಗಳು ಮೇಲಿನಿಂದ ಎರಡನೆಯದರಲ್ಲಿ. ಅದರ ಕೆಳಗಿನ ಒಂದು ಪತ್ರದಲ್ಲಿ ನಾನು ಮರೆತೇಬಿಟ್ಟಿದ್ದ ವಾರ್ಷಿಕೋತ್ಸವದ ಉಡುಗೊರೆಯೂ ಇತ್ತು, ಇನ್ನು ಎರಡು ದಿನ ಮಾತ್ರ ಉಳಿದಿತ್ತು.

ಮೂರು ‘ಅಮಾನ್ಯ’ಗಳಲ್ಲಿ ಒಂದು ಹಳೆಯ ದೋಣಿಯವರು ಹೇಳಿದಂತೆಯೇ. ನಾನು ಓ ಎಂದು ಬರೆದುಕೊಂಡದ್ದು ಮೂಲದಲ್ಲಿ ಸೊನ್ನೆ. ತಿದ್ದಿ ಹಾಕಿದೆ, ಕೆಲಸ ಮಾಡಿತು. ಎರಡನೆಯದರ ಕೆಳಗೆ ಸಣ್ಣಕ್ಷರದಲ್ಲಿ ‘ಯುರೋಪ್ ಸರ್ವರ್’ ಎಂದಿದೆ. ಮೂರನೆಯದನ್ನು ತೆಗೆದುಕೊಂಡದ್ದು ಒಂದು ಜನರೇಟರ್ ಪುಟದಿಂದ, ಅದನ್ನು ಹೊಡೆದುಹಾಕಿದೆ. ಈಗ ಏಳರಲ್ಲಿ ಮೂರು ಗೆದ್ದಿವೆ.

ಮರಕುಟಿಗ
ಯುರೋಪ್ ಸರ್ವರಿನ ಆ ಕೋಡನ್ನು ದಿನಾಂಕದ ಸಮೇತ ಇಲ್ಲಿ ಹಾಕಿ. ನನ್ನ ಎರಡನೇ ಖಾತೆ ಅಲ್ಲಿಯೇ ಇದೆ.